ಮೂರು ವರ್ಷದ ನೆಟ್‌ವರ್ಕಿಂಗ್ ಕೋರ್ಸ್: ಲ್ಯಾಬ್‌ಗೆ ಫುಲ್ ಮಾರ್ಕ್ಸ್, ಉಳಿದದ್ದು ಜಸ್ಟ್ ಪಾಸ್

ಕಾಲೇಜಿನಲ್ಲಿ ಮೂರು ವರ್ಷ ಕಂಪ್ಯೂಟರ್ ನೆಟ್‌ವರ್ಕಿಂಗ್ ಓದಿದೆ. ಕೆಲಸಕ್ಕೆ ಸೇರಿ ಈಗ ಒಂದೂವರೆ ವರ್ಷ. ರಿಸಲ್ಟ್ ಬಂದ ವಾರ ಈ ರಿವ್ಯೂ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಕೆಲಸದ ಮೊದಲ ತಿಂಗಳು ಬರೆದಿದ್ದರೆ ಒಂದೇ ಒಂದು, ಅದೂ ಬೈದುಕೊಂಡು. ಈಗ ಖುಷಿಯೂ ಇಳಿದಿದೆ, ಸಿಟ್ಟೂ ಇಳಿದಿದೆ, ಅದಕ್ಕೆ ಮೂರೂವರೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೂ ಏನೂ ಪ್ರಯೋಜನ ಇಲ್ಲ, ಯಾಕೆಂದರೆ ನನ್ನ ಜೊತೆ ಕೆಲಸ ಮಾಡುವ ಏಳೆಂಟು ಜನ ಏಳೆಂಟು ಕಡೆ ಓದಿ ಬಂದವರು, ಮಾತಿಗೆ ಕೂತರೆ ಎಲ್ಲರದೂ ಹೆಚ್ಚುಕಮ್ಮಿ ಇದೇ ಕಥೆ.

ಕಥೆ ಏನೆಂದರೆ, ಕೋರ್ಸ್ ನಮಗೆ ನೆಟ್‌ವರ್ಕ್ ಕಟ್ಟುವುದನ್ನು ಚೆನ್ನಾಗಿಯೇ ಕಲಿಸುತ್ತದೆ. ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕುವುದನ್ನು ಕಲಿಸುವುದಿಲ್ಲ. ಸಂಬಳ ಬರುವುದು ಮಾತ್ರ ಎರಡನೆಯದಕ್ಕೆ. ಯಾರೋ ಎಷ್ಟೋ ವರ್ಷದ ಹಿಂದೆ ಕಟ್ಟಿಟ್ಟು ಹೋದ ನೆಟ್‌ವರ್ಕ್, ಅದರ ಡಯಾಗ್ರಾಂ ಸಿಗುವುದಿಲ್ಲ, ಸಿಕ್ಕರೂ ಅದರಲ್ಲಿ ಅರ್ಧ ಸುಳ್ಳು, ಫೋನಿನ ಆ ಕಡೆಯವರು "ಇಂಟರ್ನೆಟ್ ಬರ್ತಿಲ್ಲ" ಅನ್ನುವುದು ಬಿಟ್ಟು ಬೇರೆ ಏನೂ ಹೇಳುವುದಿಲ್ಲ. ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ.

ಮೊದಲು ಥಿಯರಿ ವಿಷಯ. ಮೊದಲ ದಿನದ ಮೊದಲ ಕ್ಲಾಸ್ ಓಎಸ್‌ಐ ಮಾಡೆಲ್, ಅಂದರೆ ನೆಟ್‌ವರ್ಕಿನ ಕೆಲಸವನ್ನು ಮೆಟ್ಟಿಲುಗಳಾಗಿ ಒಡೆದು ತೋರಿಸುವ ನಕ್ಷೆ. ಏಳು ಲೇಯರ್. ಮಗ್ಗಿ ಹೇಳಿದ ಹಾಗೆ ಬಾಯಿಪಾಠ ಮಾಡಿದೆವು, ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಇನ್ನೊಂದು ಸಲ. ಸೆಷನ್ ಲೇಯರ್ ಅನ್ನುವುದು ನಿಜವಾಗಿ ಕಂಪ್ಯೂಟರಿನಲ್ಲಿ ಎಲ್ಲಿದೆ ಸರ್ ಅಂತ ಹಿಂದಿನ ಬೆಂಚಿನವನೊಬ್ಬ ಕೇಳಿದ. "ಸಿಲಬಸ್ಸಿನಲ್ಲಿದೆ" ಅನ್ನುವ ಉತ್ತರ ಬಂತು. ಕ್ಲಾಸೆಲ್ಲ ನಕ್ಕಿತು, ಅವನ ಪ್ರಶ್ನೆ ಅಲ್ಲೇ ಸತ್ತಿತು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ಸರಿಯಾಗಿಯೇ ಇತ್ತು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಓದವರು ಈ ಏಳು ಲೇಯರುಗಳನ್ನು ಸ್ಟ್ಯಾಂಡರ್ಡ್ ಅಂತ ಹೊರತಂದದ್ದು 1984ರಲ್ಲಿ. ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್ ಅಷ್ಟರಲ್ಲಾಗಲೇ, 1983ರ ಜನವರಿ 1ರಂದು, ಟಿಸಿಪಿ/ಐಪಿ ಅನ್ನುವ ನಿಯಮಗಳಿಗೆ ಬದಲಾಗಿತ್ತು. ಇವತ್ತು ಇಂಟರ್ನೆಟ್ ಓಡುತ್ತಿರುವುದು ಅದರ ಮೇಲೆ. ನಾವು ಬಾಯಿಪಾಠ ಮಾಡಿದ್ದು ಮಾತಾಡುವುದಕ್ಕೆ ಅನುಕೂಲ ಆಗಲಿ ಅಂತ ಇಟ್ಟುಕೊಂಡ ನಕ್ಷೆ. ಇದಿಷ್ಟನ್ನು ಮೊದಲ ದಿನ ಎರಡು ನಿಮಿಷದಲ್ಲಿ ಹೇಳಬಹುದಿತ್ತು. ಹೇಳದೇ ಇದ್ದದ್ದಕ್ಕೆ ನಾನು ಎರಡನೇ ವರ್ಷದವರೆಗೂ ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಓಡುವ ಡೇಟಾದ ತುಂಡು) ಒಳಗೆ ಸೆಷನ್ ಲೇಯರಿನ ಹೆಡರ್ ಹುಡುಕುತ್ತಿದ್ದೆ.

ಹಾಗಂತ ಓಎಸ್‌ಐ ಓದಿದ್ದು ದಂಡ ಅಲ್ಲ. ಕೆಲಸದಲ್ಲಿ ದಿನಾ ಕಿವಿಗೆ ಬೀಳುವ ಮಾತೇ "ಲೇಯರ್ ಒಂದು ನೋಡಿದ್ಯಾ?" ಅನ್ನುವುದು. ಕೇಬಲ್ ಸಿಕ್ಕಿಸಿದ್ದೀಯಾ, ಲೈಟ್ ಉರಿಯುತ್ತಿದೆಯಾ ಅಂತ ಅರ್ಥ. ಏಳು ಹೆಸರು ಮರೆತರೂ ಪರವಾಗಿಲ್ಲ, ಕೆಳಗಿಂದ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹುಡುಕುವ ಅಭ್ಯಾಸ ಉಳಿದರೆ ಸಾಕು.

ಥಿಯರಿಯಲ್ಲಿ ಒಂದು ವಿಷಯಕ್ಕೆ ಮಾತ್ರ ಮನಸ್ಸು ಬಿಚ್ಚಿ ಹೊಗಳುತ್ತೇನೆ. ಟಿಸಿಪಿ, ಅಂದರೆ ಡೇಟಾ ತಪ್ಪದೇ ತಲುಪುವ ಹಾಗೆ ನೋಡಿಕೊಳ್ಳುವ ನಿಯಮ, ಅದರ ಪಾಠ ಮಾಡಿದ ಮೇಡಂ. ಅವರು ಸೀದಾ ಬಂದು ಬೋರ್ಡ್ ಮೇಲೆ ಎರಡು ಅಂಕಿ ಬರೆದರು, 32,000 ಮತ್ತು 40. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬಿಗೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವೆ, ಸುಮಾರು 400 ಗಜ ದೂರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್ ಓಡುತ್ತಿದ್ದ ದಾರಿಯಲ್ಲಿ ಸೆಕೆಂಡಿಗೆ 40 ಬಿಟ್ ಓಡುವ ಸ್ಥಿತಿ ಬಂತಂತೆ. ಯಾವ ಕೇಬಲ್ಲೂ ತುಂಡಾಗಿರಲಿಲ್ಲ. ಎಲ್ಲರೂ ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಿದ್ದರು, ಆ ಮತ್ತೆ ಕಳಿಸಿದ್ದರಿಂದಲೇ ಇನ್ನಷ್ಟು ಜಾಮ್ ಆಗುತ್ತಿತ್ತು, ಅದಕ್ಕೆ ಇನ್ನಷ್ಟು ಸಲ ಕಳಿಸುತ್ತಿದ್ದರು. "ಈಗ ನೀವು ಹೇಳಿ, ಏನು ಮಾಡಬೇಕಿತ್ತು?" ಅಂತ ಮೇಡಂ ಸೀಮೆಸುಣ್ಣ ಕೆಳಗಿಟ್ಟು ಕೂತುಬಿಟ್ಟರು. ಅರ್ಧ ಗಂಟೆ ನಾವೇ ಕಿತ್ತಾಡಿದೆವು. ಕೊನೆಗೆ ಯಾರೋ "ಮೊದಲು ಸ್ವಲ್ಪ ಕಳಿಸಿ ನೋಡೋದು, ಸರಿಹೋದರೆ ಜಾಸ್ತಿ ಮಾಡೋದು" ಅಂದ. ಅದೇ ಸ್ಲೋ ಸ್ಟಾರ್ಟ್. ಅದೇ ಬರ್ಕ್ಲಿ ಲ್ಯಾಬಿನ ವ್ಯಾನ್ ಜೇಕಬ್ಸನ್ ಟಿಸಿಪಿಗೆ ಸೇರಿಸಿದ ಉಪಾಯವನ್ನು ನಮ್ಮ ಹುಡುಗನೇ ಕಂಡುಹಿಡಿದ ಹಾಗಾಯಿತು. ಆ ಪಾಠ ಇವತ್ತಿಗೂ ಒಂದಕ್ಷರ ಮರೆತಿಲ್ಲ. ಎಲ್ಲ ಪಾಠವೂ ಹೀಗೇ ಇದ್ದಿದ್ದರೆ ಈ ರಿವ್ಯೂ ನಾಲ್ಕು ಸಾಲಿಗೆ ಮುಗಿಯುತ್ತಿತ್ತು.

ಸಬ್‌ನೆಟಿಂಗ್. ಒಂದು ನೆಟ್‌ವರ್ಕಿನ ವಿಳಾಸಗಳನ್ನು ಸಣ್ಣ ಗುಂಪುಗಳಾಗಿ ಒಡೆಯುವ ಲೆಕ್ಕ. ಎಲ್ಲರೂ ಹೆದರುವ ವಿಷಯ ಇದು, ಸುಮ್ನೆ ಹೆದರುತ್ತಾರೆ. ನಮಗೆ ಆರು ವಾರ ದಿನಾ ಹತ್ತು ಲೆಕ್ಕ ಕೊಟ್ಟು ಮಾಡಿಸಿದರು, ಆಗ ಬೈದುಕೊಂಡೆವು, ಈಗ ಕೈ ಮುಗಿಯುತ್ತೇನೆ. 192.168.10.77, ಸ್ಲ್ಯಾಶ್ 26 ಅಂದಾಗ ಈಗ ಪೆನ್ನು ಬೇಕಾಗುವುದಿಲ್ಲ. ಐಪಿ ವಿಳಾಸದ 32 ಬಿಟ್‌ನಲ್ಲಿ ಗುಂಪನ್ನು ಗುರುತಿಸುವ 26 ಹೋದರೆ ಉಳಿಯುವುದು 6 ಬಿಟ್, ಅಂದರೆ 64 ವಿಳಾಸದ ಗುಂಪು. 0, 64, 128, 192. ನಮ್ಮ 77 ಬೀಳುವುದು 64ರ ಗುಂಪಿಗೆ. 64 ನೆಟ್‌ವರ್ಕ್ ವಿಳಾಸ, 127 ಬ್ರಾಡ್‌ಕಾಸ್ಟ್ (ಗುಂಪಿನ ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ), ನಡುವಿನ 62 ಮೆಷಿನುಗಳಿಗೆ. ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲು, 192.168.10.1 ಅಂತ ಯಾರಾದರೂ ಹಾಕಿಟ್ಟಿದ್ದರೆ ಅದು ಬೇರೆ ಗುಂಪು, ಆ ಮೆಷಿನ್ ಹೊರಗೆ ಹೋಗುವುದಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಇದು ಹೊಳೆದರೆ ಒಂದು ಗಂಟೆಯ ಕೆಲಸ ಒಂದು ನಿಮಿಷಕ್ಕೆ ಮುಗಿಯುತ್ತದೆ. ನನಗೆ ಎರಡು ಸಲ ಹಾಗೆ ಆಗಿದೆ, ಎರಡೂ ಸಲ ಕಾಲರ್ ಎತ್ತಿಕೊಂಡಿದ್ದೇನೆ.

ಆದರೆ ಇದೇ ಅಧ್ಯಾಯದಲ್ಲಿ ವಿಳಾಸಗಳನ್ನು ಮೂರೇ ಸೈಜಿನ ಗುಂಪಾಗಿ ಹಂಚುವ ಹಳೆಯ ಪದ್ಧತಿಗೆ, ಕ್ಲಾಸ್ ಎ, ಕ್ಲಾಸ್ ಬಿ, ಕ್ಲಾಸ್ ಸಿ ಅಂತ ಮೂರು ವಾರ ತಿಂದರು. ಆ ಪದ್ಧತಿಯನ್ನು ಬಿಟ್ಟು, ಗುಂಪನ್ನು ಬೇಕಾದ ಸೈಜಿಗೆ ಒಡೆಯುವ ಸಿಐಡಿಆರ್ ತಂದದ್ದು 1993ರಲ್ಲಿ, ನಾವು ಯಾರೂ ಹುಟ್ಟುವುದಕ್ಕೆ ಮೊದಲು! ಇತಿಹಾಸ ಅಂತ ಒಂದು ಗಂಟೆ ಹೇಳಲಿ, ಬೇಡ ಅನ್ನುವುದಿಲ್ಲ. ಪರೀಕ್ಷೆಯಲ್ಲಿ ಹತ್ತು ಮಾರ್ಕ್ಸ್ ಯಾಕೆ? ಹೊಸ ವಿಳಾಸ ಪದ್ಧತಿಯಾದ ಐಪಿವಿ6ಗೆ ಸಿಕ್ಕಿದ್ದು ಕೊನೆಯ ವಾರದ ಎರಡು ಕ್ಲಾಸ್, ಅದರಲ್ಲೂ ಒಂದು ಹಾಜರಿ ತೆಗೆದುಕೊಳ್ಳುವುದರಲ್ಲಿ ಮುಗಿಯಿತು. ಐಪಿವಿ4ರ ಸುಮಾರು 430 ಕೋಟಿ ವಿಳಾಸಗಳಲ್ಲಿ ಹಂಚುವುದಕ್ಕೆ ಉಳಿದಿದ್ದ ಕೊನೆಯ ದೊಡ್ಡ ಕಟ್ಟುಗಳನ್ನು ವಿಳಾಸ ಹಂಚುವ ಸಂಸ್ಥೆ ಐಎಎನ್‌ಎ 2011ರ ಫೆಬ್ರವರಿಯಲ್ಲೇ ಹಂಚಿ ಕೈ ತೊಳೆದುಕೊಂಡಿದೆ. ಹಳೆಯದಕ್ಕೆ ಮೂರು ವಾರ, ಹೊಸದಕ್ಕೆ ಒಂದೂವರೆ ಗಂಟೆ. ಅರ್ಧ ಸ್ಟಾರ್ ಇಲ್ಲೇ ಕಟ್.

ಈಗ ಲ್ಯಾಬಿಗೆ ಬರುತ್ತೇನೆ. ಈ ರಿವ್ಯೂ ಬರೆಯಬೇಕು ಅನ್ನಿಸಿದ್ದೇ ಲ್ಯಾಬಿನಿಂದ.

ನಮ್ಮ ಲ್ಯಾಬ್ ನೋಡುವುದಕ್ಕೆ ಏನೂ ಚೆನ್ನಾಗಿರಲಿಲ್ಲ. ಮೂವತ್ತು ಜನಕ್ಕೆ ನಾಲ್ಕು ಸ್ವಿಚ್ (ಒಂದು ನೆಟ್‌ವರ್ಕಿನ ಮೆಷಿನುಗಳನ್ನು ಕೂಡಿಸುವ ಡಬ್ಬ), ಮೂರು ರೂಟರ್ (ಒಂದು ನೆಟ್‌ವರ್ಕನ್ನು ಇನ್ನೊಂದಕ್ಕೆ ಕೂಡಿಸುವ ಡಬ್ಬ), ಎಲ್ಲವೂ ಎಲ್ಲಿಂದಲೋ ತೆಗೆದು ಹಾಕಿದ ಹಳೆಯವು. ಆನ್ ಮಾಡಿದರೆ ಫ್ಯಾನಿನ ಸದ್ದಿಗೆ ಪಕ್ಕದವನ ಮಾತು ಕೇಳುತ್ತಿರಲಿಲ್ಲ. ಆದರೆ ಅಲ್ಲಿ ಒಬ್ಬರು ಲ್ಯಾಬ್ ಸರ್ ಇದ್ದರು. ಅವರ ಹೆಸರು ಟೈಮ್‌ಟೇಬಲ್ಲಿನಲ್ಲಿ ಇರಲಿಲ್ಲ, ಮಾರ್ಕ್ಸ್ ಕೊಡುವ ಅಧಿಕಾರವೂ ಇರಲಿಲ್ಲ, ಲ್ಯಾಬ್ ಬೀಗ ಅವರ ಹತ್ತಿರ ಇತ್ತು ಅಷ್ಟೇ.

ಮೊದಲ ಲ್ಯಾಬ್ ಕೇಬಲ್ ಕ್ರಿಂಪಿಂಗ್, ಅಂದರೆ ತುದಿಗೆ ಪ್ಲಗ್ ಕೂರಿಸುವುದು. ಎಂಟು ತಂತಿ, ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿ. ನಾನು ಬುದ್ಧಿವಂತ ಅಂದುಕೊಂಡು ಜೋಡಿಗಳನ್ನು ಸಾಲಾಗಿ ಜೋಡಿಸಿದೆ. ಕಿತ್ತಳೆ ಎರಡು, ಹಸಿರು ಎರಡು, ನೀಲಿ ಎರಡು, ಕಂದು ಎರಡು. ನೋಡುವುದಕ್ಕೂ ನೀಟಾಗಿ ಕಾಣುತ್ತಿತ್ತು. ಎರಡೂ ತುದಿಗೂ ಅದೇ ಕ್ರಮ. ಟೆಸ್ಟರಿಗೆ ಹಾಕಿದೆ, ಒಂದರಿಂದ ಎಂಟರವರೆಗೆ ಹಸಿರು ಲೈಟ್ ಸಾಲಾಗಿ ಬಂದವು. "ಆಯಿತು ಸರ್" ಅಂದೆ. ಅವರು ಕೇಬಲ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಏನೂ ಹೇಳದೆ, "ಇದರಲ್ಲಿ ಒಂದು ಫೈಲ್ ಕಳಿಸಪ್ಪಾ" ಅಂದರು. ಇಪ್ಪತ್ತು ಮೀಟರ್ ಕೇಬಲ್. ಲಿಂಕ್ ಬರುತ್ತದೆ, ಹೋಗುತ್ತದೆ, ಬರುತ್ತದೆ. ಫೈಲ್ ಅರ್ಧಕ್ಕೆ ನಿಂತಿತು. ಟೆಸ್ಟರ್ ಪಾಸ್ ಅಂದ ಕೇಬಲ್ ಯಾಕೆ ಹೀಗೆ ಆಡುತ್ತದೆ ಅಂತ ತಲೆ ಕೆಟ್ಟುಹೋಯಿತು. ಆಮೇಲೆ ಅವರು ತೋರಿಸಿದರು. ಸರಿಯಾದ ಕ್ರಮದಲ್ಲಿ ಹಸಿರು ಜೋಡಿ 3 ಮತ್ತು 6ನೇ ಜಾಗದಲ್ಲಿ ಕೂರಬೇಕು, ನಡುವೆ ನೀಲಿ ಜೋಡಿ. ಯಾಕೆಂದರೆ ಮೆಷಿನ್ 3 ಮತ್ತು 6ನ್ನು ಒಂದು ಜೋಡಿ ಅಂತ ಬಳಸುತ್ತದೆ. ನನ್ನ ಕೇಬಲ್ಲಿನಲ್ಲಿ 3ಕ್ಕೆ ಹಸಿರು, 6ಕ್ಕೆ ನೀಲಿ ಬಂದಿತ್ತು. ಅವೆರಡೂ ಒಂದಕ್ಕೊಂದು ಹೆಣೆದುಕೊಂಡಿಲ್ಲವಲ್ಲ, ಹಾಗಾಗಿ ಅಕ್ಕಪಕ್ಕದ ಗದ್ದಲವೆಲ್ಲ ಒಳಗೆ ಸೇರುತ್ತಿತ್ತು. ಅಗ್ಗದ ಟೆಸ್ಟರ್ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯಾ ಅಂತ ಮಾತ್ರ ನೋಡುತ್ತದೆ, ಯಾವುದರ ಜೊತೆ ಹೆಣೆದಿದೆ ಅಂತ ನೋಡುವುದಿಲ್ಲ. ಹಸಿರು ಲೈಟನ್ನು ನಂಬಬಾರದು ಅನ್ನುವುದು ಮೊದಲ ಲ್ಯಾಬಿನಲ್ಲೇ ತಲೆಗೆ ಹೋಯಿತು.

ಎರಡನೇ ವರ್ಷದಿಂದ ಅವರು ಇನ್ನೊಂದು ಆಟ ಶುರು ಮಾಡಿದರು. ನಾವು ಅಸೈನ್‌ಮೆಂಟ್ ಮುಗಿಸಿ, ಎಲ್ಲ ಪಿಂಗ್ (ಆ ಕಡೆಯ ಮೆಷಿನ್ ಉತ್ತರ ಕೊಡುತ್ತದಾ ಅಂತ ನೋಡುವ ಸಣ್ಣ ಪರೀಕ್ಷೆ) ಹೋಗುತ್ತಿದೆ ಅಂತ ತೋರಿಸಿದ ಮೇಲೆ, "ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಬನ್ನಿ" ಅನ್ನುತ್ತಿದ್ದರು. ವಾಪಸ್ ಬಂದರೆ ಏನೋ ಒಂದು ಕೆಟ್ಟಿರುತ್ತಿತ್ತು. ಏನು ಅಂತ ಹೇಳುತ್ತಿರಲಿಲ್ಲ. ಒಂದು ಸಲ ಕೇಬಲ್ಲನ್ನು ಅರ್ಧ ಎಳೆದಿಟ್ಟಿದ್ದರು, ಕಣ್ಣಿಗೆ ಸಿಕ್ಕಿಸಿದ ಹಾಗೇ ಕಾಣುತ್ತದೆ. ಇನ್ನೊಂದು ಸಲ ಮೆಷಿನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ನಿಲ್ಲಿಸಿದ್ದರು, ಮೆಷಿನ್ 169.254 ಅಂತ ತನಗೆ ತಾನೇ ವಿಳಾಸ ಕೊಟ್ಟುಕೊಂಡು ಕೂತಿತ್ತು. ಆ ಅಂಕಿ ಕಂಡರೆ ಈಗಲೂ ನನಗೆ ಮೊದಲು ಅವರ ಮುಖ ನೆನಪಾಗುತ್ತದೆ.

ಅತಿ ಕಷ್ಟದ್ದು ಒಂದಿತ್ತು. ಪಿಂಗ್ ಚೆನ್ನಾಗಿ ಹೋಗುತ್ತದೆ, ಫೈಲ್ ಕಾಪಿ ಮಾಡಿದರೆ ಮಾತ್ರ ತೆವಳುತ್ತದೆ. ಒಂದು ಗಂಟೆ ಐಪಿ ನೋಡಿದೆವು, ಮಾಸ್ಕ್ ನೋಡಿದೆವು, ಕೇಬಲ್ ಬದಲಾಯಿಸಿದೆವು, ಕೊನೆಗೆ ಕಂಪ್ಯೂಟರನ್ನೇ ಬದಲಾಯಿಸಿದೆವು. ಅವರು ಮೂಲೆಯಲ್ಲಿ ಸ್ಟೂಲ್ ಮೇಲೆ ಕೂತು ನೋಡುತ್ತಿದ್ದರು. "ಕೌಂಟರ್ ಏನು ಹೇಳುತ್ತೆ, ನೋಡಿದ್ಯೇನಪ್ಪಾ?" ಅಂತ ಒಂದೇ ಮಾತು. ಇಂಟರ್‌ಫೇಸ್ ಕೌಂಟರ್ ತೆಗೆದರೆ ಲೇಟ್ ಕಲಿಷನ್, ಅಂದರೆ ತಡವಾಗಿ ಆದ ಡಿಕ್ಕಿ, ಅನ್ನುವ ಸಂಖ್ಯೆ ನಾವು ನೋಡುತ್ತಿದ್ದ ಹಾಗೇ ಏರುತ್ತಿತ್ತು. ಒಂದು ತುದಿಗೆ ಫುಲ್ ಡ್ಯೂಪ್ಲೆಕ್ಸ್ (ಕಳಿಸುವುದೂ ಪಡೆಯುವುದೂ ಒಟ್ಟಿಗೆ), ಇನ್ನೊಂದಕ್ಕೆ ಹಾಫ್ (ಒಂದು ಸಲಕ್ಕೆ ಒಂದೇ) ಹಾಕಿಟ್ಟಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಪಿಂಗ್ ಪುಟ್ಟ ಪ್ಯಾಕೆಟ್, ಸೆಕೆಂಡಿಗೊಂದು, ಹೇಗೋ ನುಸುಳಿಕೊಂಡು ಹೋಗುತ್ತದೆ. ಫೈಲ್ ಅಂದರೆ ಎರಡೂ ಕಡೆಯಿಂದ ಒಟ್ಟಿಗೆ ಓಡಾಟ, ಡಿಕ್ಕಿ ಮೇಲೆ ಡಿಕ್ಕಿ. "ಪಿಂಗ್ ಬರ್ತಿದೆ, ಹಾಗಾದರೆ ನೆಟ್‌ವರ್ಕ್ ಸರಿ ಇದೆ" ಅಂತ ಯಾರಾದರೂ ಹೇಳಿದರೆ ನನಗೆ ಈಗ ಮೈ ಉರಿಯುತ್ತದೆ.

ಲೂಪ್ ದಿನ ಇನ್ನೂ ಮಜಾ. ಡೇಟಾ ಸುತ್ತಿ ಸುತ್ತಿ ಬರದ ಹಾಗೆ ತಡೆಯುವ ಸ್ಪ್ಯಾನಿಂಗ್ ಟ್ರೀಯನ್ನು ಬೇಕಂತಲೇ ಆಫ್ ಮಾಡಿ, ಎರಡು ಸ್ವಿಚ್ ನಡುವೆ ಎರಡು ಕೇಬಲ್ ಹಾಕಿಸಿದರು. ಮೂರು ಸೆಕೆಂಡ್ ಕೂಡ ಆಗಿರಲಿಲ್ಲ, ಎರಡೂ ಸ್ವಿಚ್ಚಿನ ಎಲ್ಲ ಲೈಟುಗಳೂ ಒಂದೇ ತಾಳಕ್ಕೆ ಮಿನುಗುವುದಕ್ಕೆ ಶುರುವಾಯಿತು. ಲ್ಯಾಪ್‌ಟಾಪಿನ ಫ್ಯಾನ್ ಕೂಗಿತು, ಕನ್ಸೋಲ್ (ಸ್ವಿಚ್ಚಿಗೆ ಕಮಾಂಡ್ ಕೊಡುವ ಪರದೆ) ನಿಂತುಹೋಯಿತು. ಐಪಿ ಪ್ಯಾಕೆಟ್ಟಿಗೆ ಟಿಟಿಎಲ್ ಅನ್ನುವ ಆಯಸ್ಸಿನ ಎಣಿಕೆ ಇದೆ, ಒಂದೊಂದು ರೂಟರ್ ದಾಟಿದಾಗಲೂ ಒಂದು ಕಮ್ಮಿಯಾಗಿ ಕೊನೆಗೆ ಸಾಯುತ್ತದೆ. ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಇದರಿಂದಲೇ ಕೆಲಸ ಮಾಡುವುದು. ಸ್ವಿಚ್ಚುಗಳ ನಡುವೆ ಓಡುವ ಈಥರ್ನೆಟ್ ಫ್ರೇಮಿಗೆ ಸಾವೇ ಇಲ್ಲ. ಒಂದು ಬ್ರಾಡ್‌ಕಾಸ್ಟ್ ಸಿಕ್ಕಿಕೊಂಡರೆ ಯಾರಾದರೂ ಕೇಬಲ್ ಕೀಳುವ ತನಕ ಸುತ್ತುತ್ತಲೇ ಇರುತ್ತದೆ. ಕೇಬಲ್ ಕಿತ್ತೆವು, ಎಲ್ಲ ಶಾಂತ. ಆಮೇಲೆ ಸ್ಪ್ಯಾನಿಂಗ್ ಟ್ರೀ ಆನ್ ಮಾಡಿ ಅದೇ ಎರಡು ಕೇಬಲ್ ಹಾಕಿದೆವು, ಒಂದು ಪೋರ್ಟಿನ ಲೈಟ್ ಕಿತ್ತಳೆಗೆ ತಿರುಗಿ ಸುಮ್ಮನೆ ನಿಂತಿತು. ರೇಡಿಯಾ ಪರ್ಲ್‌ಮನ್ 1985ರಲ್ಲಿ ಮಾಡಿದ ಈ ಉಪಾಯದ ಬಗ್ಗೆ ಥಿಯರಿಯಲ್ಲಿ ನಾನು ಎಂಟು ಪುಟ ಬರೆದಿದ್ದೆ. ಆ ಕಿತ್ತಳೆ ಲೈಟ್ ನೋಡುವವರೆಗೂ ಅದು ಯಾಕೆ ಬೇಕು ಅಂತ ಗೊತ್ತಿರಲಿಲ್ಲ, ನಿಜವಾಗಲೂ.

ನೆಟ್‌ವರ್ಕಿನಲ್ಲಿ ಓಡುವ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಬಗ್ಗೆಯೂ ಹೇಳಲೇಬೇಕು. ಮೂರು ವರ್ಷಕ್ಕೆ ಸೇರಿ ಒಂದೇ ಲ್ಯಾಬ್ ಇಟ್ಟಿದ್ದರು, ಹತ್ತು ಇಡಬೇಕಿತ್ತು. ಡಿಎಚ್‌ಸಿಪಿಯ ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್ ಒಂದರ ಕೆಳಗೆ ಒಂದು ಕಣ್ಣೆದುರು ಬಂದಾಗ ಪುಸ್ತಕದ ಚಿತ್ರಕ್ಕೆ ಜೀವ ಬಂದ ಹಾಗಿತ್ತು. ಆಮೇಲೆ ದೂರದ ಮೆಷಿನಿಗೆ ಟೆಲ್‌ನೆಟ್ ಅನ್ನುವ ಹಳೆಯ ವಿಧಾನದಲ್ಲಿ ಲಾಗಿನ್ ಆಗಿ ಆ ಸ್ಟ್ರೀಮ್ ತೆರೆದು ನೋಡಿದರೆ, ಯೂಸರ್‌ನೇಮಿನ ಒಂದೊಂದು ಅಕ್ಷರವೂ ಎರಡೆರಡು ಸಲ ಬಂದಿದೆ, ಪಾಸ್‌ವರ್ಡ್ ಮಾತ್ರ ಒಂದೇ ಸಲ. ಯಾಕೆ? ನಾವು ಒತ್ತಿದ ಅಕ್ಷರವನ್ನು ಸರ್ವರ್ ವಾಪಸ್ ಕಳಿಸಿ ಪರದೆ ಮೇಲೆ ತೋರಿಸುತ್ತದೆ, ಪಾಸ್‌ವರ್ಡನ್ನು ವಾಪಸ್ ಕಳಿಸುವುದಿಲ್ಲ. ಆದರೆ ಹೋಗುವಾಗ ಅದು ಬಟಾಬಯಲಾಗಿಯೇ ಹೋಗುತ್ತದೆ. ಪಕ್ಕದ ಬೆಂಚಿನ ಹುಡುಗಿಯ ಪಾಸ್‌ವರ್ಡ್ ಇಡೀ ಲ್ಯಾಬಿಗೆ ಗೊತ್ತಾಯಿತು, ಅವಳು ಅದನ್ನೇ ಎಲ್ಲ ಕಡೆ ಇಟ್ಟುಕೊಂಡಿದ್ದಳು, ಅವತ್ತು ರಾತ್ರಿ ಕೂತು ಎಲ್ಲವನ್ನೂ ಬದಲಾಯಿಸಿದಳು. ಟೆಲ್‌ನೆಟ್ ಬೇಡ, ಎಲ್ಲವನ್ನೂ ಗುಟ್ಟಾಗಿ ಕಳಿಸುವ ಎಸ್‌ಎಸ್‌ಎಚ್ ಬಳಸಿ ಅಂತ ನಮ್ಮ ಬ್ಯಾಚಿಗೆ ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಸಿಮ್ಯುಲೇಟರ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಪ್ಯಾಕೆಟ್ ಟ್ರೇಸರ್, ಅಂದರೆ ಕಂಪ್ಯೂಟರಿನೊಳಗೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಮ್ಯುಲೇಟರ್, ಒಳ್ಳೆಯದೇ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಒಂದು ಅಕೌಂಟ್ ಮಾಡಿಕೊಂಡರೆ ಪುಕ್ಕಟೆ ಸಿಗುತ್ತದೆ, ರಾತ್ರಿ ಮನೆಯಲ್ಲಿ ಕೂತು ಇಪ್ಪತ್ತು ರೂಟರ್ ಜೋಡಿಸಿ, ಅವು ತಾವೇ ದಾರಿ ಹುಡುಕಿಕೊಳ್ಳುವ ಓಎಸ್‌ಪಿಎಫ್ ಆಡಿಸಬಹುದು, ಅಷ್ಟು ರೂಟರ್ ಯಾವ ಕಾಲೇಜೂ ಕೊಡುವುದಿಲ್ಲ. ಆದರೆ ಅದರಲ್ಲಿ ಕೇಬಲ್ ಸವೆಯುವುದಿಲ್ಲ, ಕ್ಲಿಪ್ ಮುರಿಯುವುದಿಲ್ಲ, ಯಾರೂ ಕಾಲು ತಾಗಿಸಿ ಪ್ಲಗ್ ಬೀಳಿಸುವುದಿಲ್ಲ. ಕನ್ಸೋಲ್ ಸ್ಪೀಡ್ 9600 ಬದಲು ಬೇರೆ ಇಟ್ಟರೆ ಪರದೆ ತುಂಬಾ ಕಸ ಕಸ ಅಕ್ಷರ ಬರುತ್ತದಲ್ಲ, ಆ ಗಾಬರಿಯನ್ನು ಅಸಲಿ ಡಬ್ಬದ ಮುಂದೆ ಕೂತೇ ಅನುಭವಿಸಬೇಕು. ಕಮಾಂಡ್ ತಪ್ಪಾಗಿ ಹೊಡೆದರೆ ಸ್ವಿಚ್ ಅದನ್ನು ಯಾವುದೋ ಮೆಷಿನಿನ ಹೆಸರು ಅಂದುಕೊಂಡು ಡಿಎನ್‌ಎಸ್‌ನಲ್ಲಿ (ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ಹುಡುಕುತ್ತಾ ಕೂತುಬಿಡುತ್ತದೆ. ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿದರೆ ಬಿಟ್ಟುಬಿಡುತ್ತದೆ. ಇದು ಗೊತ್ತಾಗುವ ಮೊದಲು ನಾನು ಎಷ್ಟು ಗಂಟೆ ಸುಮ್ಮನೆ ಪರದೆ ನೋಡುತ್ತಾ ಕಳೆದಿದ್ದೇನೋ.

ಪರೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಬ್‌ಗೂ ಸ್ವಿಚ್‌ಗೂ ಐದು ವ್ಯತ್ಯಾಸ ಬರೆಯಿರಿ. ಕೆಲಸಕ್ಕೆ ಸೇರಿದ ಮೇಲೆ ಇವತ್ತಿನವರೆಗೂ ಒಂದೇ ಒಂದು ಹಬ್ (ಸ್ವಿಚ್‌ಗಿಂತ ಹಿಂದಿನ ಕಾಲದ ಡಬ್ಬ) ಕಂಡಿಲ್ಲ.

ಇದಕ್ಕಿಂತ ಬೇಜಾರಾದದ್ದು ಇನ್ನೊಂದು. ನಾವು ಮೊದಲ ವರ್ಷದಲ್ಲಿದ್ದಾಗ, 2021ರ ಅಕ್ಟೋಬರ್ 4ರಂದು, ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಮಲಗಿಬಿಟ್ಟವು. ಮೇಂಟೆನೆನ್ಸ್ ಹೊತ್ತಿನಲ್ಲಿ ಕೊಟ್ಟ ಒಂದು ಕಮಾಂಡಿನಿಂದ ಅವರ ಡೇಟಾ ಸೆಂಟರುಗಳನ್ನು ಕೂಡಿಸುವ ಬ್ಯಾಕ್‌ಬೋನ್ ಕಡಿದುಹೋಯಿತು, ಡಿಎನ್‌ಎಸ್ ಸರ್ವರುಗಳು ತಮ್ಮ ಬಿಜಿಪಿ ರೂಟುಗಳನ್ನು, ಅಂದರೆ ತಮ್ಮ ಕಡೆಗೆ ಬರುವ ದಾರಿಯ ಪ್ರಕಟಣೆಗಳನ್ನು, ವಾಪಸ್ ತೆಗೆದುಕೊಂಡವು, ಆ ಹೆಸರುಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕುವ ದಾರಿಯೇ ಇಲ್ಲವಾಯಿತು. ಸರಿಮಾಡಬೇಕಾದ ಎಂಜಿನಿಯರುಗಳಿಗೂ ಒಳಗೆ ಹೋಗುವುದು ಕಷ್ಟವಾಯಿತು, ಅವರ ಸಲಕರಣೆಗಳೂ ಅದೇ ನೆಟ್‌ವರ್ಕ್ ಮೇಲೇ ನಿಂತಿದ್ದವಲ್ಲ. ನೆಟ್‌ವರ್ಕಿಂಗ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುತ್ತದಾ? ಮಾರನೇ ದಿನ ಕ್ಲಾಸಿನಲ್ಲಿ, ಎಲ್ಲ ಮೆಷಿನುಗಳನ್ನು ಒಂದೇ ತಂತಿಗೆ ಜೋಡಿಸುವ ಹಳೆಯ ಬಸ್ ಟೋಪಾಲಜಿಯ ಅನುಕೂಲಗಳನ್ನು ಬರೆಸಿದರು.

ಪೈಥಾನ್ ಒಂದು ಸೆಮಿಸ್ಟರ್ ಇತ್ತು. ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೋಗ್ರಾಂ, ನಕ್ಷತ್ರದ ತ್ರಿಕೋನ ಬರೆಯುವ ಪ್ರೋಗ್ರಾಂ. ಅದೇ ಪೈಥಾನಿನಿಂದ ನಲವತ್ತು ಸ್ವಿಚ್ಚಿಗೆ ಒಂದರ ಹಿಂದೆ ಒಂದು ಲಾಗಿನ್ ಆಗಿ ಕಾನ್ಫಿಗ್ ಬ್ಯಾಕಪ್ ತೆಗೆಯಬಹುದು ಅಂತ ಒಬ್ಬರೂ ಹೇಳಲಿಲ್ಲ. ಪೈಥಾನ್ ಮೇಷ್ಟ್ರು ನೆಟ್‌ವರ್ಕಿಂಗ್ ಮೇಷ್ಟ್ರ ಹತ್ತಿರ ಮಾತಾಡಿದ್ದರೆ ಒಂದು ಮಧ್ಯಾಹ್ನದ ಕೆಲಸ. ಕೆಲಸಕ್ಕೆ ಸೇರಿದ ಮೇಲೆ ನೆಟ್‌ಮಿಕೋ ಅನ್ನುವ ಲೈಬ್ರರಿ ನೋಡಿಕೊಂಡು ನಾನೇ ಕಲಿತೆ, ಇಪ್ಪತ್ತೇ ಸಾಲು.

ಸರ್ಟಿಫಿಕೇಟ್ ವಿಷಯ ಎಲ್ಲರೂ ಕೇಳುತ್ತಾರೆ. ಕೋರ್ಸ್ ಮುಗಿಸಿದರೆ ಸಿಸ್ಕೋ ಕಂಪನಿಯ ಸಿಸಿಎನ್‌ಎ ಸರ್ಟಿಫಿಕೇಟ್ ಬಂದ ಹಾಗೇ ಅಂತ ಸೇರುವಾಗ ಹೇಳಿದ್ದರು. ಬರುವುದಿಲ್ಲ. ಅದು ಬೇರೆ ಪರೀಕ್ಷೆ, ಬೇರೆ ಫೀಸು, ಮೂರು ವರ್ಷಕ್ಕೊಮ್ಮೆ ಹೊಸದು ಮಾಡಿಕೊಳ್ಳಬೇಕು. 2020ರ ಫೆಬ್ರವರಿಯಲ್ಲಿ ಅದರ ಸಿಲಬಸ್ಸೇ ಬದಲಾಗಿ ಆಟೊಮೇಷನ್ ಎಲ್ಲ ಸೇರಿಕೊಂಡಿತ್ತು, ನಮ್ಮ ಲೈಬ್ರರಿಯಲ್ಲಿ ಮಾತ್ರ ಹಳೆಯ ಪರೀಕ್ಷೆಯ ನೋಟ್ಸ್ ಇತ್ತು. ಆದರೂ ಕೋರ್ಸಿನಿಂದ ಮುಕ್ಕಾಲು ಪಾಲು ತಯಾರಿ ಆಗಿಯೇ ಇರುತ್ತದೆ, ಸುಳ್ಳು ಹೇಳಬಾರದು. ಬರೆಯುವುದಾದರೆ ಕೊನೆಯ ವರ್ಷವೇ ಬರೆದುಬಿಡಿ, ಸಬ್‌ನೆಟಿಂಗ್ ಕೈಯಲ್ಲಿರುವಾಗ. ಇಂಟರ್‌ವ್ಯೂಗೆ ಕರೆಸಿಕೊಳ್ಳುವುದಕ್ಕೆ ಅದು ಸಹಾಯ ಮಾಡಿತು. ಇಂಟರ್‌ವ್ಯೂ ಒಳಗೆ ಹೋದ ಮೇಲೆ ಅವರು ಕೇಳಿದ್ದು ಮಾತ್ರ ಒಂದೇ, "ಬ್ರೌಸರಿನಲ್ಲಿ ಒಂದು ಪೇಜ್ ತೆರೆಯುತ್ತಿಲ್ಲ, ಎಲ್ಲಿಂದ ಶುರು ಮಾಡುತ್ತೀರಿ?" ನಾನು ಕೇಬಲ್ ಲೈಟಿನಿಂದ ಶುರು ಮಾಡಿ ಡಿಎನ್‌ಎಸ್‌ವರೆಗೆ ಹೋದೆ. ಲ್ಯಾಬ್ ಸರ್ ಆಟ ಆಡಿಸದೆ ಇದ್ದಿದ್ದರೆ ಓಎಸ್‌ಐ ಮಾಡೆಲ್ ಹೇಳಿ ಬರುತ್ತಿದ್ದೆ.

ಕಾಲೇಜು ಕಲಿಸದೆ ಇದ್ದದ್ದಕ್ಕೆ ನಾನು ತೆತ್ತ ದಂಡವನ್ನೂ ಹೇಳಿಬಿಡುತ್ತೇನೆ, ನಾಚಿಕೆ ಏನಿಲ್ಲ. ಕೆಲಸದ ಮೂರನೇ ವಾರ. ಒಂದು ಮಹಡಿಯ ಸ್ವಿಚ್ಚಿಗೆ 30ನೇ ವಿಲ್ಯಾನ್ (ಅದೇ ಸ್ವಿಚ್ಚುಗಳ ಮೇಲೆ ಬೇರೆಯಾಗಿ ಓಡುವ ನೆಟ್‌ವರ್ಕ್) ಸೇರಿಸಬೇಕಿತ್ತು. ಲ್ಯಾಬಿನಲ್ಲಿ ನೂರು ಸಲ ಮಾಡಿದ ಕೆಲಸ. ಹಲವು ವಿಲ್ಯಾನ್‌ಗಳು ಒಟ್ಟಿಗೆ ಓಡುವ ಟ್ರಂಕ್ ಪೋರ್ಟಿಗೆ ಹೋಗಿ "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30" ಅಂತ ಹೊಡೆದು ಎಂಟರ್ ಒತ್ತಿದೆ. ಪರದೆ ನಿಂತಿತು. ಇನ್ನೊಂದು ಸಲ ಎಂಟರ್. ಏನೂ ಇಲ್ಲ. ಆ ಕಮಾಂಡಿನಲ್ಲಿ "ಆ್ಯಡ್" ಅನ್ನುವ ಒಂದು ಪದ ಬೇಕಿತ್ತು. ಅದಿಲ್ಲದಿದ್ದರೆ ಸ್ವಿಚ್ ಹಳೆಯ ಪಟ್ಟಿಯನ್ನು ಅಳಿಸಿ, 30 ಒಂದನ್ನೇ ಬಿಡು ಅಂತ ಅರ್ಥ ಮಾಡಿಕೊಳ್ಳುತ್ತದೆ. ಇಡೀ ಮಹಡಿಯ ನೆಟ್‌ವರ್ಕ್ ಹೋಯಿತು, ಜೊತೆಗೆ ನಾನು ಕೂತಿದ್ದ ಕೊಂಬೆಯೂ, ಅಂದರೆ ನನ್ನ ಎಸ್‌ಎಸ್‌ಎಚ್ ಕೂಡ. ಫೋನುಗಳು ಶುರುವಾದವು. ಸೀನಿಯರ್ ಬಂದು ಹಿಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆ.

"ಸೇವ್ ಮಾಡಿದ್ಯಾ?"

"ಇಲ್ಲ ಸರ್, ಅಷ್ಟರಲ್ಲಿ..."

"ಬಚಾವಾದೆ. ಮೇಲೆ ಯಾರಿಗಾದರೂ ಹೇಳಿ ಪ್ಲಗ್ ತೆಗೆಸಿ ಹಾಕಿಸು."

ಸೇವ್ ಮಾಡದ ಬದಲಾವಣೆ ಕರೆಂಟ್ ಹೋದರೆ ಅಳಿದುಹೋಗುತ್ತದೆ, ಹಳೆಯ ಕಾನ್ಫಿಗ್ ವಾಪಸ್ ಬರುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಆಮೇಲೆ ಅವರು ಇನ್ನೊಂದು ಹೇಳಿಕೊಟ್ಟರು. ದೂರದಲ್ಲಿರುವ ಡಬ್ಬಕ್ಕೆ ಕೈ ಹಾಕುವ ಮೊದಲು "ರೀಲೋಡ್ ಇನ್ 10" ಅಂತ ಹೊಡೆದಿಡಬೇಕಂತೆ. ಎಲ್ಲ ಸರಿಯಾದರೆ ಅದನ್ನು ಕ್ಯಾನ್ಸಲ್ ಮಾಡುವುದು, ನಾವೇ ಹೊರಗೆ ಬಿದ್ದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಎದ್ದು ಹಳೆಯ ಸ್ಥಿತಿಗೆ ಬರುತ್ತದೆ. ಮೂರು ವರ್ಷ ಓದಿದ್ದೇನೆ, ಈ ಒಂದು ಸಾಲು ಯಾವ ಪುಟದಲ್ಲೂ ಇರಲಿಲ್ಲ. ಬದಲಾವಣೆ ಮಾಡುವ ಮೊದಲು ವಾಪಸ್ ಬರುವ ದಾರಿ ಬರೆದಿಡುವುದು, ಟಿಕೆಟ್ಟಿನಲ್ಲಿ ನಾಳೆ ಇನ್ನೊಬ್ಬರಿಗೆ ಅರ್ಥವಾಗುವ ಹಾಗೆ ಬರೆಯುವುದು, ಕೇಬಲ್ಲಿಗೆ ಲೇಬಲ್ ಅಂಟಿಸುವುದು, ಇವು ಯಾವುದೂ ಸಿಲಬಸ್ಸಿನಲ್ಲಿಲ್ಲ. ಇದಕ್ಕೆ ಇನ್ನೊಂದು ಸ್ಟಾರ್ ಕಟ್.

ಹಾಗಾದರೆ ಸೇರಬಹುದಾ? ನನ್ನ ತಂಗಿ ಕೇಳಿದರೆ ಸೇರು ಅನ್ನುತ್ತೇನೆ. ವಿಡಿಯೋ ನೋಡಿಕೊಂಡು ಮನೆಯಲ್ಲೇ ಕಲಿತು ಒಳ್ಳೆಯ ಕೆಲಸದಲ್ಲಿರುವವರೂ ನನಗೆ ಗೊತ್ತು, ಅವರಿಗೆ ನನಗಿಂತ ಶಿಸ್ತು ಜಾಸ್ತಿ. ನನ್ನಂಥ ಸೋಮಾರಿಗೆ ದಿನಾ ಹತ್ತು ಸಬ್‌ನೆಟ್ ಲೆಕ್ಕ ಮಾಡಿಸುವವರು ಯಾರಾದರೂ ಬೇಕು. ಕೋಡಿಂಗ್ ಕಷ್ಟ, ಅದಕ್ಕೆ ನೆಟ್‌ವರ್ಕಿಂಗ್ ತಗೊಳ್ತೀನಿ ಅನ್ನುವವರಿಗೆ ಮಾತ್ರ ಬೇಡ ಅನ್ನುತ್ತೇನೆ, ಆ ಕಾಲ ಹೋಯಿತು. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಸಿಡಿಮಿಡಿ ಆಗುವವರೂ ಯೋಚನೆ ಮಾಡಿ.

ಸೇರುವ ಮೊದಲು ಬ್ರೋಷರ್ ಬದಿಗಿಟ್ಟು ಲ್ಯಾಬ್ ತೋರಿಸಿ ಅಂತ ಕೇಳಿ. ಕ್ಲಾಸ್ ಇಲ್ಲದ ಹೊತ್ತಿನಲ್ಲೂ ಒಳಗೆ ಬಿಡುತ್ತಾರಾ, ಬೀಗ ಯಾರ ಹತ್ತಿರ ಇರುತ್ತದೆ ಅಂತ ವಿಚಾರಿಸಿ. ಸ್ವಿಚ್ ಹೊಸದಾ ಹಳೆಯದಾ ಅನ್ನುವುದು ಮುಖ್ಯ ಅಲ್ಲ. ಅಲ್ಲಿ ನೇತುಹಾಕಿರುವ ಕೇಬಲ್ ಒಂದನ್ನು ಕೈಗೆ ತೆಗೆದುಕೊಂಡು ತುದಿಯ ಪ್ಲಾಸ್ಟಿಕ್ ಕ್ಲಿಪ್ ನೋಡಿ. ಮುರಿದಿದ್ದರೆ ಯಾರೋ ಹಾಕಿ ತೆಗೆದು ಹಾಕಿ ತೆಗೆದು ಕಲಿತಿದ್ದಾರೆ ಅಂತ ಅರ್ಥ. ನಮ್ಮ ಲ್ಯಾಬಿನಲ್ಲಿ ಆರು ಕನ್ಸೋಲ್ ಕೇಬಲ್ ಇದ್ದವು, ಅದರಲ್ಲಿ ನಾಲ್ಕರ ಕ್ಲಿಪ್ ಮುರಿದಿತ್ತು, ಒಂದು ನಾನೇ ಮುರಿದದ್ದು.